ಪಾನಾ ಪೆಟ್ಟಿಗೆಯ ಕೀಲಿಕೈ

ನೇಯ್ಗೆ ಗಿರಣಿಯ ಹೊಸ ಮ್ಯಾನೇಜರ್ ಬಂದವರೇ ರಿಪೇರಿ ಪೆಟ್ಟಿಗೆಗೆ ಬೀಗ ಜಡಿದರು. ನಟ್ಟು ತಿರುಗಿಸುವ ಪಾನಾ ಬೇಕಾದರೂ ಅವರ ಸಹಿ ಬೇಕು. ಮರುದಿನ ಮಗ್ಗ ರಿಪೇರಿಯ ಬಾಳಪ್ಪನ ಮುಂದೆ ನೋಟ್‌ಬುಕ್ ಎಸೆದರು.

“ನಿನಗೆ ಗೊತ್ತಿರೋದನ್ನೆಲ್ಲ ಬರೆದುಕೊಡು. ಎಲ್ಲರೂ ಕಲೀಲಿ.”

ಇಪ್ಪತ್ತು ವರ್ಷ ಒಂದು ನಟ್ಟನ್ನೂ ಮನೆಗೆ ಒಯ್ಯದ ಬಾಳಪ್ಪನಿಗೆ ಮೈ ಉರಿಯಿತು. ಆದರೂ ಬರೆದು ಕೊಟ್ಟ.

“ಪಾನಾ ಕೊಡಾಕ ನಂಬಿಕಿ ಇಲ್ಲ, ನಾ ಬರದದ್ದು ಹೆಂಗ ನಂಬತೀರಿ, ಸಾಹೇಬ್ರ? ಒಂದೊಂದು ಸಾಲೂ ಖಾತ್ರಿ ಮಾಡಿಕೊಂಡು ಸಹಿ ಹಾಕ್ರಿ.”

ಮೊದಲ ಸಾಲು: ‘ಏಳನೇ ಮಗ್ಗದ ಸದ್ದು ಬದಲಾದರೆ ಅಡಿಯಲ್ಲಿ ಮಲಗಿ ಕಿವಿಗೊಡಬೇಕು.’

ಮ್ಯಾನೇಜರ್ ಮಲಗಿದರು. ಏನೂ ತಿಳಿಯಲಿಲ್ಲ. ಬಿಳಿ ಅಂಗಿಯೆಲ್ಲ ಎಣ್ಣೆಯಾಯಿತು. ಇನ್ನೂ ಇನ್ನೂರು ಸಾಲಿದ್ದವು. ಎದ್ದು ಬಂದು ಕೀಲಿಕೈಯನ್ನು ಬಾಳಪ್ಪನ ಕೈಗಿಟ್ಟರು.

ಬಾಳಪ್ಪ ಪೆಟ್ಟಿಗೆ ತೆರೆದು ಎಲ್ಲರನ್ನೂ ಕೂಗಿದ.

“ಬರ್ರಿ, ಕಲಿಸ್ತೀನಿ. ಸಾಹೇಬ್ರ, ನೀವೂ ಬರ್ರಿ. ಅಂಗಿ ಹೆಂಗೂ ಹೊಲಸಾಗೇತಿ.”