ಹೊಳೆಯ ಮುಚ್ಚಳ

"ಹೊಳೀ ಕಡೆ ಹೋಗಬ್ಯಾಡ್ರಿ. ಅವರು ಭಾಳ ಮಂದಿ ಅದಾರ. ನೀವು ಒಬ್ರ ಅದೀರಿ."

ನನ್ನ ಹೆಂಡತಿ ಹಾಲವ್ವ ಕೊನೆಗೆ ಆಡಿದ ಮಾತು ಇದು. ನಾನು ಹೂಂ ಅಂದೆ. ಅವಳು ಕಣ್ಣು ಮುಚ್ಚಿದಳು.

ಅವಳ ಕಾರ್ಯ ಮುಗಿದ ಮೇಲೆ ಅಜ್ಜಯ್ಯನವರ ಮಠಕ್ಕೆ ಹೋದೆ. ಅವರು ಅಂಗಳದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನೂ ಕೂತು ಒಂದಷ್ಟು ಬಿಡಿಸಿದೆ. ಆಮೇಲೆ ಕೇಳಿದೆ.

"ಅಜ್ಜಯ್ಯ, ಸತ್ತವರಿಗೆ ಕೊಟ್ಟ ಮಾತು ಮುರಿಯಬಹುದೆ?"

"ಯಾವ ಮಾತಪ್ಪ?"

ಹೇಳಿದೆ. ನಮ್ಮೂರ ಹೊಳೆಯಲ್ಲಿ ಲಾರಿಗಳು ಮರಳು ತುಂಬುತ್ತಿವೆ. ಅವು ಇಳಿಯುವ ದಾರಿ ನಮ್ಮ ಹೊಲದ ಅಂಚಿನದು, ನಮ್ಮದೇ ಜಾಗ. ಬೇಡ ಅನ್ನಲು ಹೋದ ಒಬ್ಬನನ್ನು ಲಾರಿಯವರು ಕೈ ಮುರಿದು ಕಳಿಸಿದರು. ಊರಿನ ಬಾವಿಗಳು ತಳ ಕಂಡಿವೆ. ನಾನು ಅಡ್ಡ ನಿಲ್ಲಬೇಕು ಅಂತಿದ್ದೆ. ಹಾಲವ್ವ ಬೇಡ ಅಂದಳು. ನಾನು ಹೂಂ ಅಂದುಬಿಟ್ಟೆ.

ಅಜ್ಜಯ್ಯ ಕೈ ಒರೆಸಿಕೊಂಡರು. ಒಂದು ಕತೆ ಹೇಳಿದರು.

ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಊರು. ಮಳೆಗಾಲದಲ್ಲಿ ಹೊಳೆ ಮೇಲೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಮರಳಿನ ಕೆಳಗೆ ಹರಿಯುತ್ತಿತ್ತು. ಹೆಂಗಸರು ಮರಳಲ್ಲಿ ಮೊಳದಾಳದ ಗುಂಡಿ ತೋಡಿ ಕಾಯುತ್ತಿದ್ದರು. ನೀರು ಒಸರಿ ಬರುತ್ತಿತ್ತು. ಅದಕ್ಕೆ ಒರತೆ ಅನ್ನುತ್ತಿದ್ದರು. ಕೊಡ ತುಂಬಿದ ಮೇಲೆ ಗುಂಡಿ ಮುಚ್ಚುತ್ತಿರಲಿಲ್ಲ. ನರಿ ಕುಡಿಯಲಿ, ಹಕ್ಕಿ ಕುಡಿಯಲಿ ಅಂತ ಹಾಗೇ ಬಿಟ್ಟು ಬರುತ್ತಿದ್ದರು.

ಆ ಊರಿನಲ್ಲಿ ಒಬ್ಬ ರೈತ ಇದ್ದ. ಅವನ ಅಪ್ಪ ಸಾಯುವಾಗ ಮಗನ ಕೈ ಹಿಡಿದುಕೊಂಡ. "ನನಗೆ ನೀನು ಒಬ್ಬನೇ ಮಗ. ಊರಿಗೆ ಎದುರು ನಿಲ್ಲಬೇಡ" ಅಂದ. ಮಗ ಆಗಲಿ ಅಂದ.

ಅಪ್ಪ ಸತ್ತದ್ದು ಕಡು ಬೇಸಿಗೆಯಲ್ಲಿ. ಹೊಳೆಯ ದಂಡೆಯಲ್ಲೇ ಮಣ್ಣು ಮಾಡಿದರು. ವರ್ಷದ ದಿನ ಬಂದಾಗ ಹಿರಿಯರ ಸಮಾಧಿಗೆ ಒಂದು ಚೊಂಬು ಒರತೆಯ ನೀರು ಹಾಕುವುದು ಆ ಊರಿನ ಪದ್ಧತಿ. ಸತ್ತವರಿಗೂ ಬಾಯಾರಿಕೆ ಇರುತ್ತದೆ ಅಂತ ನಂಬಿದ ಜನ. ರೈತ ತಪ್ಪದೆ ಹಾಕುತ್ತಿದ್ದ.

ಒಮ್ಮೆ ಒಬ್ಬ ವ್ಯಾಪಾರಿ ಬಂದ. ಪಟ್ಟಣದಲ್ಲಿ ಮಹಲು ಕಟ್ಟುತ್ತಿದ್ದಾರೆ, ಮರಳು ಬೇಕು ಅಂದ. ಇಟ್ಟಿಗೆ ಸುಡಲು ದಂಡೆಯ ಹೊಂಗೆ ಮರಗಳೂ ಬೇಕು ಅಂದ. ಊರವರಿಗೆ ಆಶ್ಚರ್ಯ. ಬಿತ್ತದೆ, ಉಳದೆ ಬಿದ್ದಿರುವ ಮರಳು. ಅದನ್ನೂ ಕೇಳುವವರು ಇದ್ದಾರಲ್ಲ ಅಂದುಕೊಂಡರು.

ಆ ರೈತ ಒಬ್ಬನೇ ಎದ್ದು ಕೇಳಿದ. "ಮರಳು ಹೋದರೆ ನೀರಿನ ಗತಿ ಏನು?"

ವ್ಯಾಪಾರಿ ಅವನ ಹೆಗಲ ಮೇಲೆ ಕೈ ಇಟ್ಟ. "ಅಣ್ಣ, ಗಡಿಗೆಯ ನೀರು ಬೇಕಾದರೆ ನಿಮ್ಮ ಮನೆಯಲ್ಲಿ ಮೊದಲು ಏನು ಮಾಡುತ್ತಾರೆ? ಮುಚ್ಚಳ ತೆಗೆಯುತ್ತಾರೆ. ನಿಮ್ಮ ಹೊಳೆಯ ಮುಚ್ಚಳ ನಾನು ತೆಗೆದುಕೊಡುತ್ತೇನೆ. ಕೂಲಿ ಕೂಡ ಕೇಳುವುದಿಲ್ಲ."

ಜನ ಹೋ ಅಂತ ನಕ್ಕರು. "ತೋಡಿ ತೋಡಿ ನನ್ನ ಉಗುರು ಸವೆದು ಹೋದವು, ತೆಗೀಲಿ ಬಿಡಪ್ಪ" ಅಂದಳು ಒಬ್ಬ ಮುದುಕಿ. "ಇವನು ಮರಳನ್ನೇ ಬೇಯಿಸಿ ಉಣ್ಣುತ್ತಾನೆ, ಅದಕ್ಕೇ ಅಳುತ್ತಾನೆ" ಅಂದ ಇನ್ನೊಬ್ಬ.

ರೈತನಿಗೆ ಅಪ್ಪನ ಮಾತು ನೆನಪಾಯಿತು. ಕೂತುಕೊಂಡ.

ಗಾಡಿಗಳು ಹೊಳೆಗೆ ಇಳಿದವು. ಊರವರ ಎತ್ತುಗಳೇ ಎಳೆದವು.

ಮೊದಲ ಬೇಸಿಗೆಗೆ ವ್ಯಾಪಾರಿಯ ಮಾತು ನಿಜವಾಯಿತು. ಮರಳು ತೆಗೆದ ಹೊಂಡಗಳಲ್ಲಿ ನೀರು ಬಯಲಿಗೇ ನಿಂತಿತ್ತು. ತೋಡುವ ಕೆಲಸ ಇಲ್ಲ, ಕಾಯುವ ಕೆಲಸ ಇಲ್ಲ. ಎಮ್ಮೆಗಳು ಬಿದ್ದು ಹೊರಳಾಡಿದವು. ಊರವರು ವ್ಯಾಪಾರಿಯ ತಲೆಗೆ ಪೇಟ ಸುತ್ತಿದರು. ರೈತನನ್ನು ಕರೆದುಕೊಂಡು ಹೋಗಿ ನೀರು ತೋರಿಸಿದರು. "ಏನಪ್ಪ ಅಳುಬುರುಕ, ಈಜು ಬರುತ್ತೇನು?" ಅಂದರು.

ಆದರೆ ನೀರು ಈಗ ಬಿಸಿಲಿನ ಕಣ್ಣಿಗೆ ಬಿದ್ದಿತ್ತು. ಮರಳಿನ ಕೆಳಗೆ ಬೇಸಿಗೆ ದಾಟುತ್ತಿದ್ದ ನೀರು ಬೇಸಿಗೆಯ ನಡುವೆಯೇ ಮುಗಿಯಿತು. ತಳದಲ್ಲಿ ಪಾಚಿ ಉಳಿಯಿತು. ಹೊಂಗೆಯ ನೆರಳೂ ಇರಲಿಲ್ಲ. ಹೊಳೆಯ ಕಡೆಯಿಂದ ತಂಪು ಗಾಳಿ ಬರುತ್ತಿದ್ದ ಊರಿಗೆ ಬಿಸಿ ಗಾಳಿ ಬಂತು. ಮರಳಲ್ಲಿ ಮೊಟ್ಟೆ ಇಡುವ ಹಕ್ಕಿಗಳು ಬಂದು ಸುತ್ತಿದವು. ಇಳಿಯಲು ಜಾಗ ಕಾಣದೆ ಕೂಗುತ್ತಾ ಹೋದವು. ಆಮೆ ಮೊಟ್ಟೆ ಇಡಲು ಮೇಲೆ ಬಂತು. ಬಂಡೆಯನ್ನು ಕೆರೆದು ನೋಡಿತು. ಮತ್ತೆ ಆ ಊರಿನಲ್ಲಿ ಯಾರೂ ಆಮೆಯನ್ನು ಕಾಣಲಿಲ್ಲ.

ಮೇಲಿನ ಊರುಗಳಲ್ಲೂ ಹೀಗೇ ನಡೆದಿತ್ತು. ಗುಡ್ಡಗಳು ಬೋಳಾಗಿದ್ದವು. ಎಲ್ಲಿ ನೋಡಿದರೂ ಇಟ್ಟಿಗೆ ಭಟ್ಟಿಯ ಹೊಗೆ. ಮಳೆ ತನ್ನ ಹದ ಮರೆಯಿತು. ಬರಬೇಕಾದಾಗ ಬರಲಿಲ್ಲ. ಬಂದಾಗ ಒಂದೇ ಸಲ ಸುರಿಯಿತು. ಊರವರು ದೇವರಿಗೆ ಸಿಟ್ಟು ಬಂದಿದೆ ಅಂದರು. ಎರಡು ಕತ್ತೆಗಳಿಗೆ ಬಾಸಿಂಗ ಕಟ್ಟಿ ಮದುವೆ ಮಾಡಿದರು. ಕತ್ತೆಗಳು ಹೋಳಿಗೆ ತಿಂದವು. ಸುರಿದ ಮಳೆಯ ನೀರು ಹಿಡಿದಿಡುವ ಮರಳಿಲ್ಲದೆ ಒಂದೇ ಓಟಕ್ಕೆ ಓಡಿಹೋಯಿತು. ಹೋಗುವಾಗ ದಂಡೆಯ ಮಣ್ಣನ್ನೂ ಒಯ್ದಿತು.

ಮುಂದಿನ ಬೇಸಿಗೆಗೆ ಹೊಲದ ಬಾವಿಗಳೂ ಬತ್ತಿದವು. ಅವುಗಳಿಗೂ ನೀರು ಹೊಳೆಯ ಮರಳಿನಿಂದಲೇ ಬರುತ್ತಿತ್ತು. ಆಗ ಜನಕ್ಕೆ ತಿಳಿಯಿತು. ಮರಳು ಮುಚ್ಚಳ ಆಗಿರಲಿಲ್ಲ. ಅದೇ ಗಡಿಗೆ.

ವ್ಯಾಪಾರಿ ಬೇರೆ ಹೊಳೆಗೆ ಹೋಗಿದ್ದ.

ಅಪ್ಪನ ದಿನ ಬಂತು. ರೈತ ಚೊಂಬು, ಗುದ್ದಲಿ ಹಿಡಿದು ಹೊಳೆಗೆ ಇಳಿದ. ತೋಡಿದ. ಗುದ್ದಲಿ ಬಂಡೆಗೆ ಬಡಿಯಿತು. ಇನ್ನೊಂದು ಕಡೆ ತೋಡಿದ. ಅಲ್ಲೂ ಬಂಡೆ. ಬಿಸಿಲು ನೆತ್ತಿಗೆ ಬಂತು. ಖಾಲಿ ಚೊಂಬು ಹಿಡಿದು ಸಮಾಧಿಯ ಮುಂದೆ ನಿಂತ.

"ಅಪ್ಪ, ನಿನ್ನ ಮಾತು ಮೀರಲಿಲ್ಲ" ಅಂದ. "ಊರಿಗೆ ಎದುರು ನಿಲ್ಲಲಿಲ್ಲ."

ಇಷ್ಟು ಹೇಳಿ ಅಜ್ಜಯ್ಯ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು.

ನಾನು ಬಿಡಲಿಲ್ಲ. "ಅಜ್ಜಯ್ಯ, ಹಾಲವ್ವ ನನ್ನ ಒಳ್ಳೆಯದಕ್ಕೆ ಹೇಳಿದಳು. ನಾನು ಬದುಕಿರಲಿ ಅಂತ ಹೇಳಿದಳು."

"ಅವನ ಅಪ್ಪ ಮಗ ಸಾಯಲಿ ಅಂತ ಹೇಳಿದ್ದನೇನಪ್ಪ?"

ನಾನು ಇನ್ನೊಂದು ಹುಣಸೆಹಣ್ಣು ಎತ್ತಿಕೊಂಡೆ. ಆಗ ಅಜ್ಜಯ್ಯ ಅಂದರು:

"ಆ ಅಪ್ಪ ಸಮಾಧಿಯಿಂದ ಎದ್ದು ಬೊಗಸೆ ಒಡ್ಡಿದರೆ, ಮಗ ಅದರಲ್ಲಿ ಏನು ಹೊಯ್ಯಬೇಕು?"

 ಹುಣಸೆ ಬಿಡಿಸಿ ಮುಗಿಯುವ ತನಕ ಕೂತಿದ್ದೆ. ಕಾಲಿಗೆ ಬಿದ್ದು ಎದ್ದು ಬಂದೆ.

ಮರುದಿನ ಬೆಳಕು ಹರಿಯುವ ಮೊದಲೇ ಎತ್ತಿನ ಗಾಡಿ ಹೂಡಿದೆ. ಲಾರಿ ಇಳಿಯುವ ದಾರಿ ಒಂದು ಕಡೆ ಇಕ್ಕಟ್ಟು. ಅಲ್ಲಿ ಅಡ್ಡ ನಿಲ್ಲಿಸಿದೆ. ಎತ್ತು ಬಿಚ್ಚಿ ಬೇವಿನ ಮರಕ್ಕೆ ಕಟ್ಟಿದೆ. ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಎರಡೂ ಗಾಲಿ ಕಳಚಿದೆ. ಒಂದೊಂದಾಗಿ ಉರುಳಿಸಿಕೊಂಡು ಹೋಗಿ ಮನೆಯೊಳಗೆ ಇಟ್ಟು ಬೀಗ ಹಾಕಿದೆ. ತಿರುಗಿ ಬಂದು ಬದುವಿನ ಕಲ್ಲು ಹೊತ್ತು ಗಾಡಿ ತುಂಬಿದೆ. ಗಾಡಿ ನೆಲಕ್ಕೆ ಕೂತಿತು.

ಮೊದಲ ಲಾರಿ ಬಂತು. ಹಾರ್ನ್ ಹೊಡೆಯಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಏ ಯಜಮಾನ, ಗಾಡಿ ತೆಗಿ!"

"ಗಾಲಿ ಇಲ್ಲಪ್ಪ" ಅಂದೆ.

"ತಮಾಷೆ ಮಾಡ್ತಿಯೇನು? ಯಾರ ಲಾರಿ ಗೊತ್ತೈತಾ ಇದು?"

"ಲಾರಿ ಯಾರದೋ. ದಾರಿ ನಂದು."

ಹಿಂದೆ ಇನ್ನೊಂದು ಲಾರಿ ಬಂದು ನಿಂತಿತು. ಅದರ ಹಿಂದೆ ಮತ್ತೊಂದು. ನಾಲ್ಕಾರು ಜನ ಇಳಿದು ನನ್ನ ಕಡೆ ನಡೆದು ಬಂದರು. ನಾನು ಗಾಡಿಯ ಕಲ್ಲಿನ ಮೇಲೆ ಟವೆಲು ಹಾಸಿ ಕೂತೆ.