ಬೆಲ್ಲ ಒಲ್ಲೆನೆಂದ ಅಂಬಿಗ

"ಅಜ್ಜಾರ, ಎಷ್ಟ ದೊಡ್ಡ ಕಂಪನಿ ಇದ್ರೂ ಅದರಾಗ ಹೂಂ ಅನ್ನಾಂವ, ಬ್ಯಾಡ ಅನ್ನಾಂವ ಒಬ್ಬ ಇರಬೇಕಲ್ರಿ? ಅವನ ತನಕ ಹೋಗೂದು ಹ್ಯಾಂಗ?"

ಮಠದ ಸ್ವಾಮಿಗಳಾದ ಅಜ್ಜನವರನ್ನು ಹೀಗೆ ಕೇಳಿದವನು ಮುರಿಗೆಪ್ಪ. ಮಠದ ದಾಸೋಹದ ಅಡುಗೆಮನೆ ಅವನ ಉಸ್ತುವಾರಿಯಲ್ಲಿತ್ತು. ಹಬೆಯಲ್ಲಿ ಅನ್ನ ಬೇಯಿಸುವ ದೊಡ್ಡ ಯಂತ್ರವೊಂದನ್ನು ಭಕ್ತರು ಮಠಕ್ಕೆ ಕೊಡಿಸಿದ್ದರು. ಅದರ ಮುಚ್ಚಳ ಆಗಾಗ ತಾನಾಗಿಯೇ ಸಡಿಲವಾಗಿ ಬಿಸಿ ಹಬೆ ಹೊರಗೆ ನುಗ್ಗುತ್ತಿತ್ತು. ಅಡುಗೆಯ ಬಸಲಿಂಗವ್ವನ ಮುಂಗೈ ಆಗಲೇ ಸುಟ್ಟಿತ್ತು. ಮುರಿಗೆಪ್ಪ ಕಂಪನಿಗೆ ಫೋನ್ ಮಾಡುತ್ತಲೇ ಇದ್ದ. ಆ ಕಡೆಯ ಹುಡುಗಿ ಇಂಪಾಗಿ ಮಾತಾಡುತ್ತಿದ್ದಳು, ತೊಂದರೆಗೆ ಕ್ಷಮೆ ಕೇಳುತ್ತಿದ್ದಳು, ಹೊಸ ರಬ್ಬರ್ ಪಟ್ಟಿ ಕಳಿಸುತ್ತಿದ್ದಳು, ಸಮಾಧಾನವಾಯಿತೇ ಎಂದು ಕೇಳಿಯೇ ಫೋನ್ ಇಡುತ್ತಿದ್ದಳು. ಕೆಟ್ಟದ್ದು ರಬ್ಬರ್ ಅಲ್ಲ, ಮುಚ್ಚಳದ ಕೊಂಡಿ, ಇಂಥ ಯಂತ್ರ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಇದೇ ಅಪಾಯ ಎಂದು ಹೇಳಿದರೆ ಇನ್ನೊಂದು ರಬ್ಬರ್ ಬರುತ್ತಿತ್ತು.

"ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ರಿ, ಹಂಗಾಗೇತಿ ನನ್ನ ಪಾಡು," ಎಂದ ಮುರಿಗೆಪ್ಪ. "ಹಂಗಂತ ಆಕಿ ಬೈಯೂದಿಲ್ಲ, ಇಲ್ಲ ಅನ್ನೂದಿಲ್ಲ. ಬೈದಿದ್ರ ನಾನೂ ನಾಕ ಮಾತು ಬೈತಿದ್ದೆ. ಯಾರ ಮ್ಯಾಲೆ ಸಿಟ್ಟಾಗಬೇಕು ಅನ್ನೂದ ತಿಳೀವಲ್ದು."

ಅಜ್ಜನವರು ಅವನನ್ನು ಕೂಡಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಹೊಳೆಗೆ ಅಡ್ಡಲಾಗಿ ದಡದಿಂದ ದಡಕ್ಕೆ ಹಗ್ಗ ಕಟ್ಟಿ, ಅದನ್ನು ಹಿಡಿದು ಎಳೆಯುತ್ತ ದೋಣಿ ಸಾಗಿಸುವುದು ಅವನ ಕಸುಬು. ಹೊಳೆ ಸಣ್ಣಗಿದ್ದಾಗ ಹಗ್ಗ ಬರಿಯ ಆಸರೆ. ಹೊಳೆ ತುಂಬಿದಾಗ ಹಗ್ಗವೇ ಪ್ರಾಣ.

ಆ ಸೀಮೆಯಲ್ಲಿ ದೋಣಿ ದಾಟುವ ಕಡವುಗಳಿಗೆಲ್ಲ ಹಗ್ಗ ಹೋಗುತ್ತಿದ್ದುದು ಒಬ್ಬ ಸಾವಕಾರನ ವಾಡೆಯಿಂದ. ವಾಡೆಯೆಂದರೆ ಸಾಮಾನ್ಯದ್ದಲ್ಲ, ಬಾಗಿಲು ದಾಟಿದರೆ ಅಂಗಳ, ಅಂಗಳ ದಾಟಿದರೆ ಮತ್ತೆ ಬಾಗಿಲು. ಸಾವಕಾರ ಎಲ್ಲಕ್ಕಿಂತ ಒಳಗಿನ ಪಡಸಾಲೆಯಲ್ಲಿ ಕೂಡುತ್ತಿದ್ದ. ಅವನನ್ನು ಕಂಡೆ ಎಂದು ಹೇಳುವವರು ಬಹಳ ಜನ ಇದ್ದರು, ನಿಜವಾಗಿ ಕಂಡವರು ಕಡಿಮೆ.

ಒಂದು ದಿನ ಅಂಬಿಗನ ಅಂಗೈಗೆ ಹೊಸ ಹಗ್ಗ ಮೆತ್ತಗೆ ತಾಗಿತು. ಅನುಮಾನ ಬಂದು ಹುರಿ ಬಿಚ್ಚಿ ನೋಡಿದ. ಮೇಲೆ ಹೊಸ ಪುಂಡಿನಾರು ಮಿರಮಿರ ಮಿಂಚುತ್ತಿತ್ತು. ಒಳಗೆ ಹಳೆಯ ನಾರು ಕೊಳೆತು ಪುಡಿಯಾಗಿತ್ತು. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಅವನು ಅದನ್ನು ಕಳಚಿ ತನ್ನ ಹಳೆಯ ಹಗ್ಗವನ್ನೇ ಕಟ್ಟಿಕೊಂಡ. ಅಲ್ಲಿಗೆ ಅವನ ದೋಣಿಯ ಚಿಂತೆ ತೀರಿತು.

ಮನಸ್ಸಿನ ಚಿಂತೆ ತೀರಲಿಲ್ಲ. ಅದೇ ಹಗ್ಗ ಮೇಲಿನ ಕಡವಿನಲ್ಲೂ ಇತ್ತು, ಕೆಳಗಿನ ಕಡವಿನಲ್ಲೂ ಇತ್ತು. ಮೇಲಿನ ಕಡವಿನ ಅಂಬಿಗ ಇವನ ದೊಡ್ಡಪ್ಪನ ಮಗ, ಒಟ್ಟಿಗೆ ಆಡಿ ಬೆಳೆದ ಅಣ್ಣ. ಇವನು ಅವನಿಗೆ ಹೇಳಿಕಳಿಸಿದ. ಅವನು ನಕ್ಕುಬಿಟ್ಟ. "ಅಷ್ಟ ದೊಡ್ಡ ವಾಡೇದವರು ಕೆಟ್ಟ ಹಗ್ಗ ಮಾರ್ತಾರೇನು? ನನ್ನ ತಮ್ಮಗ ಹೊಳಿ ನೋಡಿ ನೋಡಿ ಅಂಜಿಕಿ ಹೊಕ್ಕೈತಿ," ಎಂದು ಉತ್ತರ ಕಳಿಸಿದ. ಮಳೆಗಾಲ ಹತ್ತಿರ ಬರುತ್ತಿತ್ತು. ಯಾರ ಮಾತಿಗೂ ಯಾರೂ ಹಗ್ಗ ಬಿಚ್ಚುವುದಿಲ್ಲ, ಸಾವಕಾರನೇ ಬಿಚ್ಚಿರೆಂದರೆ ಬಿಚ್ಚುತ್ತಾರೆ ಎಂದು ಅಂಬಿಗನಿಗೆ ಅರ್ಥವಾಯಿತು. ವಾಡೆಗೆ ಹೊರಟ.

ದಾರಿಯುದ್ದಕ್ಕೂ ಜಗಳಕ್ಕೆ ಮಾತು ಕೂಡಿಸಿಕೊಂಡು ಹೋಗಿದ್ದ. ತಲೆಬಾಗಿಲಲ್ಲಿ ಜಗಳ ಆಡುವವರೇ ಇರಲಿಲ್ಲ. ಬಾಗಿಲು ಕಾಯುವವನು ಬನ್ನಿ ಎಂದ, ಕಾಲಿಗೆ ನೀರು ಕೊಟ್ಟ, ಕಂಬಳಿ ಹಾಸಿ ಕೂಡಿಸಿದ. ತಟ್ಟೆಯಲ್ಲಿ ಒಂದು ಹೆಂಟೆ ಬೆಲ್ಲ, ತಂಬಿಗೆ ತುಂಬ ತಣ್ಣೀರು ತಂದಿಟ್ಟ. ಬಂದವರಿಗೆ ಬೆಲ್ಲ ನೀರು ಕೊಡುವುದು ಆ ಸೀಮೆಯ ರೂಢಿ. ಕೊಟ್ಟ ಬೆಲ್ಲವನ್ನು ಒಲ್ಲೆ ಎಂದರೆ ಕೊಟ್ಟ ಮನೆಯನ್ನೇ ಒಲ್ಲೆ ಎಂದಂತೆ. ಅಂಬಿಗ ತಿಂದ. ತಿಂದ ಬಾಯಲ್ಲಿ ಜಗಳ ಹುಟ್ಟಲಿಲ್ಲ. ಮೆತ್ತಗೆ ವಿಷಯ ಹೇಳಿದ.

ಬಾಗಿಲವನು ಎಲ್ಲವನ್ನೂ ಕೇಳಿ ಲೊಚಗುಟ್ಟಿದ. "ತಪ್ಪಾತು ನೋಡ್ರಿ," ಎಂದು ಒಳಗಿನಿಂದ ಹೊಸ ಹಗ್ಗದ ಸುರುಳಿ ತಂದು ಹೆಗಲಿಗೆ ಹಾಕಿದ.

"ನನಗ ಹಗ್ಗ ಬ್ಯಾಡ್ರೀ. ಸಾವಕಾರ್ರಿಗೆ ಒಂದ ಮಾತು ಹೇಳಬೇಕಾಗಿತ್ತು."

"ನಾವ್ ಅದೀವಲ್ರಿ ಹೇಳಾಕ. ನೀವು ನಿಶ್ಚಿಂತಿ ಹೋಗ್ರಿ."

ಮನೆಗೆ ಬಂದು ಆ ಸುರುಳಿಯ ಹುರಿ ಬಿಚ್ಚಿದ. ಅದೂ ಅದೇ ಹಗ್ಗ, ಒಳಗೆ ಅದೇ ಪುಡಿ.

ಮತ್ತೆ ಹೋದ. ಈ ಸಲ ತಲೆಬಾಗಿಲು ದಾಟಿಸಿ ಗುಮಾಸ್ತನ ಹತ್ತಿರ ಕರೆದೊಯ್ದರು. ಗುಮಾಸ್ತ ಎದ್ದು ನಿಂತು ಕೈ ಮುಗಿದ. ಇಲ್ಲಿಯ ಬೆಲ್ಲ ಇನ್ನೂ ಚೊಕ್ಕ, ಏಲಕ್ಕಿ ಪುಡಿ ಬೇರೆ ಹಾಕಿದ್ದರು. ಗುಮಾಸ್ತ ಕೇಳಿದ, ಲೊಚಗುಟ್ಟಿದ, ಹೊಸ ಸುರುಳಿ ಕೊಟ್ಟ. ಆಮೇಲಿನ ಸಲ ದಿವಾಣಜಿಯೇ ಸಿಕ್ಕ. ದಿವಾಣಜಿಯೆಂದರೆ ಸಾವಕಾರನ ಬಲಗೈ, ಅವನ ಕಿವಿಗೆ ಬಾಯಿ ಇಟ್ಟು ಮಾತಾಡುವವನು. "ಬಾ ತಮ್ಮಾ," ಎಂದು ಪಕ್ಕದಲ್ಲೇ ಕೂಡಿಸಿಕೊಂಡು, ಬೆಳ್ಳಿಯ ತಟ್ಟೆಯಲ್ಲಿ ಬೆಲ್ಲ ಕೊಟ್ಟ. ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳಿದ. ಅಂಬಿಗನ ಕಣ್ಣು ತುಂಬಿತು. ತಾನು ಒಳಗೊಳಗೆ ಹೋಗುತ್ತಿದ್ದೇನೆ, ಇನ್ನೊಂದೇ ಬಾಗಿಲು ಎಂದುಕೊಂಡ. ಹೊರಗೆ ಬಂದು ನೋಡಿದರೆ ಹೆಗಲ ಮೇಲೆ ಸುರುಳಿ ಇತ್ತು.

"ಹೋದ ಪುಟ್ಟ, ಬಂದ ಪುಟ್ಟ," ಎಂದಳು ಹೆಂಡತಿ. "ಹಿಂಗ ಆದ್ರ ಮನ್ಯಾಗ ಒಂದ ಹಗ್ಗದ ಅಂಗಡಿ ಇಡೋಣಂತ."

ಅವನಿಗೆ ನಗು ಬರಲಿಲ್ಲ. ಯಾರೂ ಅವನನ್ನು ತಡೆದಿರಲಿಲ್ಲ. ಸುಳ್ಳು ಹೇಳುತ್ತೀಯೆ ಎಂದು ಯಾರೂ ಅಂದಿರಲಿಲ್ಲ. ಎಲ್ಲರೂ ಒಳ್ಳೆಯವರು, ಎಲ್ಲರೂ ತಲೆದೂಗಿದವರು, ಆದರೂ ಹಗ್ಗದ ಬಂಡಿಗಳು ವಾಡೆಯಿಂದ ಹೊರಡುವುದು ನಿಂತಿರಲಿಲ್ಲ. ತನ್ನ ಮಾತಿನಲ್ಲೇ ಏನಾದರೂ ಊನ ಇರಬಹುದೇ ಎಂದು ದಾರಿಯಲ್ಲಿ ಒಬ್ಬನೇ ಹೇಳಿಕೊಂಡು ನೋಡಿದ. ಮಾತು ಸರಿಯಾಗಿಯೇ ಇತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವನ ಹಾಗೆ ಆಗಿತ್ತು ಅವನ ಸ್ಥಿತಿ.

ಮುಂದಿನ ಬಾಗಿಲು ಬೇಡವೆಂದು ಹಿತ್ತಲ ಬಾಗಿಲಿಗೆ ಹೋದ. ದನದ ಕೊಟ್ಟಿಗೆಯವನು ಕೈ ತೊಳೆದುಕೊಂಡು ಬಂದು ಬೆಲ್ಲ ಕೊಟ್ಟ. ಸಾವಕಾರ ಗುಡಿಗೆ ಹೋಗುವ ದಾರಿಯಲ್ಲಿ ಅಂಬಿಗ ಕಾದು ನಿಂತ. ಹಿಂಬಾಲಕರು ಮೆಲ್ಲಗೆ ಭುಜ ಹಿಡಿದು ಬದಿಗೆ ಕರೆದೊಯ್ದು, ಅಲ್ಲೂ ಬೆಲ್ಲ ಕೊಟ್ಟರು. ಅವನು ಅದನ್ನು ಅಗಿಯುತ್ತಿರುವಾಗ ಸಾವಕಾರನ ಪಲ್ಲಕ್ಕಿ ದಾಟಿ ಹೋಯಿತು. ಬಾಯಿ ತುಂಬಿದ್ದರಿಂದ ಕೂಗಲಿಕ್ಕೂ ಆಗಲಿಲ್ಲ.

ಮಳೆ ಹಿಡಿಯಿತು. ಹೊಳೆ ತುಂಬಿತು. ಮೇಲಿನ ಕಡವಿನಲ್ಲಿ ನಡುಹೊಳೆಯಲ್ಲಿ ಹಗ್ಗ ಹರಿಯಿತು. ದೋಣಿಯಲ್ಲಿದ್ದವರು ಹೇಗೋ ದಡ ಸೇರಿದರು. ಅವರನ್ನು ಒಬ್ಬೊಬ್ಬರಾಗಿ ದಡದತ್ತ ನೂಕಿದ ಅಣ್ಣ ಸೇರಲಿಲ್ಲ.

ಅಂಬಿಗರಲ್ಲಿ ಸೂತಕ ಬಹಳ ಕಟ್ಟುನಿಟ್ಟು. ಸೂತಕದವನು ಇನ್ನೊಬ್ಬರ ಹೊಸ್ತಿಲು ತುಳಿಯಬಾರದು, ಇನ್ನೊಬ್ಬರ ನೀರು ಮುಟ್ಟಬಾರದು, ಬಾಯಿ ಸಿಹಿ ಮಾಡಬಾರದು. ಅಂಬಿಗನಿಗೆ ಇದೆಲ್ಲ ಗೊತ್ತಿತ್ತು. ಆದರೆ ಕೆಳಗಿನ ಕಡವುಗಳಲ್ಲಿ ಇನ್ನೂ ಅದೇ ಹಗ್ಗ ಇತ್ತು, ಹೊಳೆ ಇನ್ನೂ ಏರುತ್ತಿತ್ತು. ಅಣ್ಣನ ಹೆಣ ಸಿಕ್ಕ ಮೇಲೆ ಮಣ್ಣು ಮಾಡಿ ಬಂದವನು ಮನೆಯಲ್ಲಿ ಕೂಡಲಾರದೆ ವಾಡೆಗೆ ಹೋದ. ವಾಡೆಯ ಮೆಟ್ಟಿಲು ಹತ್ತದೆ, ಬೀದಿಯಲ್ಲೇ ಮಳೆಯಲ್ಲಿ ನಿಂತ.

ಬಾಗಿಲವನು ಗುರುತು ಹಿಡಿದು ಬೆಲ್ಲ ತಂದ.

"ಒಲ್ಲೆ," ಎಂದ ಅಂಬಿಗ.

ಬಾಗಿಲವನು ಕೇಳಿಸಲೇ ಇಲ್ಲವೆಂಬಂತೆ ತಟ್ಟೆಯನ್ನು ಇನ್ನೂ ಮುಂದೆ ಚಾಚಿದ. ಅಂಬಿಗ ಹಿಂದೆ ಸರಿದ. ಬಾಗಿಲವನ ಮುಖ ಬಿಳಿಚಿತು. "ಒಂದ ಚೂರರ ಬಾಯಿಗೆ ಹಾಕ್ಕೋರಿ," ಎಂದು ಗೋಗರೆದ. ಆಮೇಲೆ ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದ. ಗುಮಾಸ್ತ ಬಂದ, ಏಲಕ್ಕಿ ಬೆಲ್ಲ ತಂದಿದ್ದ. ಒಲ್ಲೆ ಎಂದ ಅಂಬಿಗ. ಸಕ್ಕರೆ ಬಂತು, ಪೇಡೆ ಬಂತು. ದಿವಾಣಜಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಕೆಸರಿಗೆ ಇಳಿದು ಬಂದ. "ನಿನ್ನ ಕಾಲಿಗೆ ಬೀಳ್ತೀನಿ ತಮ್ಮಾ, ನಾಲಿಗಿಗೆ ಮುಟ್ಟಿಸು ಸಾಕು," ಎಂದ.

ಅಂಬಿಗನಿಗೆ ಏನೊಂದೂ ತಿಳಿಯಲಿಲ್ಲ. ಇಷ್ಟು ದಿನ ಹೊಟ್ಟೆಯೊಳಗಿನ ಮಾತನ್ನೆಲ್ಲ ಬಿಚ್ಚಿ ಹೇಳಿದಾಗ ಅಲುಗದ ವಾಡೆ, ಇಂದು ಏನನ್ನೂ ಹೇಳದೆ ಬರಿದೇ ನಿಂತವನ ಸುತ್ತ ಜೇನುಹುಟ್ಟಿಗೆ ಕಲ್ಲು ಬಿದ್ದಂತೆ ಎದ್ದಿತ್ತು. ಒಳಗಿನ ಒಂದೊಂದೇ ಬಾಗಿಲು ತೆರೆದುಕೊಳ್ಳುವುದು ಬೀದಿಯಿಂದಲೇ ಕಾಣಿಸುತ್ತಿತ್ತು. ಕೊನೆಗೆ ಸಾವಕಾರನೇ ಹೊರಗೆ ಬಂದ. ಮೆಟ್ಟಿಲ ಮೇಲೆ ನಿಂತು ಕೇಳಿದ.

"ಯಾಕಪ್ಪಾ, ನಮ್ಮ ಮನಿ ಬೆಲ್ಲ ಒಲ್ಲೆ ಅಂದಿಯಂತ?"

"ಸೂತಕ ಐತ್ರಿ. ನಿಮ್ಮ ಹಗ್ಗ ಹರದು ನಮ್ಮಣ್ಣ ಹೊಳಿ ಪಾಲಾದ. ಹಗ್ಗ ಒಳಗ ಕೊಳತೈತ್ರಿ."

ಸಾವಕಾರ ಕೆಟ್ಟವನಲ್ಲ. ಕೇಳಿ ಹೌಹಾರಿದ. "ಅಯ್ಯೋ, ಇದನ್ನ ಮೊದಲ ಯಾಕ ಹೇಳಲಿಲ್ಲೋ?"

"ಬಂದಾಗೊಮ್ಮೆ ಹೇಳೀನ್ರಿ!"

ಸಾವಕಾರ ದಿವಾಣಜಿಯ ಕಡೆ ತಿರುಗಿದ. ದಿವಾಣಜಿ ಕೈ ಹೊಸೆಯುತ್ತ, "ಆಂವ ಬಂದಾಗೆಲ್ಲಾ ನಾನೂ ನಿಮಗ ಹೇಳೀನ್ರಿ. ಅಂಬಿಗ ಬಂದಿದ್ದ, ಬೆಲ್ಲ ತಿಂದು ಹ್ವಾದ ಅಂತ," ಎಂದ.

"ಹೌದಪಾ, ಹಂಗ ಹೇಳಿದಾನ," ಎಂದ ಸಾವಕಾರ ಅಂಬಿಗನಿಗೆ. "ನಮ್ಮ ಮುತ್ಯಾನ ಕಾಲದಿಂದ ಬಂದ ಕಟ್ಟಳಿ ಅದು. ದೂರು ತಂದಾಂವ ಬಾಯಿ ಸಿಹಿ ಮಾಡಿಕೊಂಡು ಹ್ವಾದ ಅಂದ್ರ ದೂರು ತೀರಿತು ಅಂತ ಲೆಕ್ಕ. ತೀರಿದ್ದನ್ನ ಮತ್ತ ಕೆದಕೂದು ಬ್ಯಾಡ ಅಂತ ನಾ ಕೇಳಲಿಲ್ಲ."

ಆ ಕಟ್ಟಳೆ ಅಂಬಿಗನಿಗೆ ಹೊಸದಲ್ಲ. ಅವನ ಕಡವಿನಲ್ಲೂ ಇಬ್ಬರ ಜಗಳ ಬಗೆಹರಿದಾಗ ಹಿರಿಯರು ಇಬ್ಬರ ಬಾಯಿಗೂ ಬೆಲ್ಲ ಹಾಕುತ್ತಿದ್ದರು. ಬೆಲ್ಲ ನುಂಗಿದವನು ಆಮೇಲೆ ಆ ಮಾತು ಎತ್ತುವಂತಿರಲಿಲ್ಲ. ಎಷ್ಟೋ ಸಲ ಅವನೇ ಬೆಲ್ಲ ಹಂಚಿದ್ದ. ಬಂದ ಅತಿಥಿಗೆ ಕೊಡುವ ಬೆಲ್ಲ ಬೇರೆ, ತೀರಿದ ಜಗಳಕ್ಕೆ ಕೊಡುವ ಬೆಲ್ಲ ಬೇರೆ ಎಂದು ಅವನು ತಿಳಿದಿದ್ದ. ಈ ವಾಡೆಯಲ್ಲಿ ಎರಡೂ ಒಂದೇ ತಟ್ಟೆಯಲ್ಲಿ ಬರುತ್ತಿದ್ದವು.

ಸಾವಕಾರ ಅಲ್ಲೇ ನಿಂತು ಅಪ್ಪಣೆ ಕೊಟ್ಟ. ಬಂಡಿಗಳು ನಿಂತವು. ಹಗ್ಗ ಬಿಚ್ಚಿಸಲು ಕಡವು ಕಡವಿಗೆ ಕುದುರೆಯ ಮೇಲೆ ಆಳುಗಳು ಹೊರಟರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಇಷ್ಟೇ ಆಗಿತ್ತೇ ಇದು ಎಂದು ಅಂಬಿಗ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದ. ಆಮೇಲೆ ಅಲ್ಲೇ ಬೀದಿಯಲ್ಲಿ ಕುಸಿದು ಕೂತು, ಅಣ್ಣನ ಹೆಸರು ಹಿಡಿದು ಗಟ್ಟಿಯಾಗಿ ಅತ್ತ. ಎಬ್ಬಿಸಲಿಕ್ಕೆ ಬಂದವರಿಗೆ ಮುಟ್ಟಬೇಡಿ ಎಂದ.

ಅಜ್ಜನವರು ಕತೆ ನಿಲ್ಲಿಸಿದರು.

ಮುರಿಗೆಪ್ಪನಿಗೆ ಕೇಳುವ ಮೊದಲು ಇದ್ದ ಗೊಂದಲ ಈಗ ಇಮ್ಮಡಿಯಾಗಿತ್ತು. ಬಾಗಿಲವನನ್ನು ಬೈಯೋಣವೆಂದರೆ ಅವನು ರೂಢಿ ನಡೆಸಿದವನು. ದಿವಾಣಜಿ ಆಡಿದ್ದು ಸುಳ್ಳಲ್ಲ. ಸಾವಕಾರ ತಿಳಿದೊಡನೆ ತಡಮಾಡಲಿಲ್ಲ. ಆದರೂ ಒಬ್ಬ ಸತ್ತಿದ್ದ. ಇದು ಅವನಿಗೆ ಸಹಿಸಲಾಗಲಿಲ್ಲ.

"ಹಂಗಾದ್ರ ತಪ್ಪು ಯಾರದ್ರಿ ಅಜ್ಜಾರ?" ಎಂದು ಕೇಳಿದ. "ಸಾವಕಾರಂದೋ, ಬಾಗಲದಾಗ ಕುಂತವರದೋ?"

ಅಜ್ಜನವರು ತಿರುಗಿ ಕೇಳಿದರು.

"ಅದಿರಲಿ ಮುರಿಗೆಪ್ಪಾ, ಫೋನ್ ಇಡೂಕಿಂತ ಮೊದಲ ಆ ಹುಡುಗಿ ದಿನಾ 'ನಿಮಗ ಸಮಾಧಾನ ಆತೇನ್ರಿ' ಅಂತ ಕೇಳ್ತಾಳಲ್ಲ, ಅದಕ್ಕ ನೀ ಏನಂತಿ?"

"ಹೂಂ, ಆತವ್ವಾ ಅಂತೀನ್ರಿ," ಎಂದ ಮುರಿಗೆಪ್ಪ. ಅಂದವನೇ ಫೋನ್ ತೆಗೆಯಲು ಜೇಬಿಗೆ ಕೈ ಹಾಕಿದ.