ಗಾಳಿ ಕುಡಿದ ಮೀನು

ಕಡಲ ನಡುಗಡ್ಡೆಯೊಂದರಲ್ಲಿ ಅಮೃತಯ್ಯ ಎಂಬ ಗುರುಗಳಿದ್ದರು. ಅವರ ಆಶ್ರಮದಲ್ಲಿ ಬೊಮ್ಮಯ್ಯನೆಂಬ ಶಿಷ್ಯನಿದ್ದ.

ಆಶ್ರಮದ ಕೆಳಗೆ, ಕಡಲು ಇಳಿದಾಗ, ಹವಳದ ಬಂಡೆಗಳ ನಡುವೆ ನೀರು ನಿಲ್ಲುತ್ತಿತ್ತು. ಅಲ್ಲಿ ಬೆರಳುದ್ದದ ಎರಡು ಮೀನುಗಳು, ಒಂದು ಗಂಡು, ಒಂದು ಹೆಣ್ಣು. ಚೂಪು ಮೂತಿ, ಮೈತುಂಬ ಚುಕ್ಕೆ. ಒಂದನ್ನು ಬಿಟ್ಟು ಇನ್ನೊಂದು ದೂರ ಹೋಗುತ್ತಿರಲಿಲ್ಲ. ಅವುಗಳ ಮೈಯಲ್ಲಿ ವಿಷವಿತ್ತು; ಮುಟ್ಟಿದರೆ ಏನಿಲ್ಲ, ತಿಂದರೆ ಸಾವು. ದೊಡ್ಡ ಮೀನುಗಳು ತಂಟೆಗೆ ಬರುತ್ತಿರಲಿಲ್ಲ.

ಕೆಣಕಿದರೆ ನೀರು ಕುಡಿದು ನಿಂಬೆಹಣ್ಣಿನ ಹಾಗೆ ದುಂಡಗೆ ಉಬ್ಬುತ್ತಿದ್ದವು. ಆಶ್ರಮಕ್ಕೆ ಬಂದವರಿಗೆಲ್ಲ ಬೊಮ್ಮಯ್ಯ ಅದನ್ನು ತೋರಿಸುತ್ತಿದ್ದ. ಜನ ನಗುತ್ತಿದ್ದರು.

ಒಂದು ದಿನ ಕಣ್ಣು ಮಂಜಾದ ಅಜ್ಜಿಯೊಬ್ಬಳು, ತನಗೇನೂ ಕಾಣುತ್ತಿಲ್ಲ ಎಂದಳು. ಬೊಮ್ಮಯ್ಯ ಗಂಡು ಮೀನನ್ನು ಅಂಗೈಯಲ್ಲಿ ಮೇಲೆತ್ತಿ ಅವಳ ಮುಂದೆ ಹಿಡಿದ. ಅದು ಅಲ್ಲೇ ಉಬ್ಬಿತು. ಅಜ್ಜಿ ಮೆಲ್ಲಗೆ ಮುಟ್ಟಿ ನೋಡಿ ಸಂತೋಷಪಟ್ಟಳು.

ನೀರಿಗೆ ಬಿಟ್ಟಾಗ ಮೀನು ಮುಳುಗಲಿಲ್ಲ. ಹೊಟ್ಟೆ ಮೇಲಾಗಿ ತೇಲಿತು. ಬೊಮ್ಮಯ್ಯ ಕೆಳಗೆ ಒತ್ತಿದ. ಮತ್ತೆ ಮೇಲೆ ಬಂತು.

ಜನ ದೋಣಿ ಹತ್ತಿ ಹೋದರು. ಸುದ್ದಿ ಕೇಳಿ ಗುರುಗಳು ಬಂದು ನೀರಿಗಿಳಿದರು. ಮೀನಿನ ಬಾಯಿ ಮೇಲೆ ಮಾಡಿ, ನೀರೊಳಗೆ ಹಿಡಿದು, ಹೊಟ್ಟೆ ಸವರುತ್ತ ಕುಳಿತರು. ಎರಡು ಗುಳ್ಳೆ ಬಂದವು. ಅಷ್ಟೇ.

ಹೊತ್ತು ಇಳಿಯುವಾಗ ಮೀನು ರೆಕ್ಕೆ ಆಡಿಸುವುದನ್ನು ನಿಲ್ಲಿಸಿತು. ಹೆಣ್ಣು ಮೀನು ಅವರ ಕಾಲ ಬಳಿಯೇ ಸುತ್ತುತ್ತಿತ್ತು.

"ಒಂದು ಗಳಿಗೆ ಎತ್ತಿದ್ದೆ, ಅಷ್ಟೇ," ಎಂದ ಬೊಮ್ಮಯ್ಯ.

"ನೀರು ಸಿಗಲಿಲ್ಲ, ಗಾಳಿ ಕುಡಿಯಿತು. ನೀರನ್ನಾದರೆ ಉಗುಳುತ್ತಿತ್ತು."

"ಹಾಗಾದರೆ, ಉಬ್ಬಿದಾಗಲೆಲ್ಲ ಅದು ಹೆದರಿತ್ತೇ?"

"ಹೆದರದೆ ಯಾರು ಉಬ್ಬುತ್ತಾರೆ?"

ಬೊಮ್ಮಯ್ಯ ಅಂದು ಊಟ ಮಾಡಲಿಲ್ಲ. ಮರುದಿನ ಕಡಲು ಏರಿ ಬಂಡೆಗಳು ಮುಳುಗಿದವು. ನೀರು ಇಳಿದ ಮೇಲೆ ಹೋಗಿ ನೋಡಿದ. ಹೆಣ್ಣು ಮೀನು ಅಲ್ಲೇ ಇತ್ತು, ಒಂಟಿಯಾಗಿ. ಅವನ ನೆರಳು ಬಿದ್ದದ್ದೇ ಉಬ್ಬಿಕೊಂಡಿತು.

ಅವನು ಹಿಂದೆ ಸರಿದ. ನೇರ ಗುರುಗಳ ಬಳಿಗೆ ಬಂದ.

"ಎರಡು ವರ್ಷ ಈ ಆಟ ಆಡಿಸಿದೆ, ಗುರುಗಳೇ. ನೀವು ಒಮ್ಮೆಯೂ ಬೇಡ ಅನ್ನಲಿಲ್ಲವಲ್ಲ, ಯಾಕೆ?"

ಗುರುಗಳು ತಲೆ ತಗ್ಗಿಸಿದರು.

"ನಾನೂ ಬಂದು ನೋಡುತ್ತಿದ್ದೆ, ಬೊಮ್ಮಯ್ಯ. ಎಲ್ಲರ ಹಿಂದೆ ನಿಂತಿರುತ್ತಿದ್ದೆ."